ಬಾಗಿಲ ಬಳಿ ನಿಂತವಳು

2024ರ ದಶಲಕ್ಷಣ ಪರ್ವದ ದಿನಗಳಲ್ಲಿ ಒಂದು ಸಂಜೆ ಅಮೆರಿಕದಿಂದ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ಅವಳು ಆಗತಾನೇ ಅಲ್ಲಿಯ ವಿಶ್ವವಿದ್ಯಾನಿಲಯವೊಂದಕ್ಕೆ ಸೇರಿದ್ದಳು. "ದೊಡ್ಡಮ್ಮ, ಇಲ್ಲಿ ಒಂದು ಸೊರೊರಿಟಿಯವರು ನನ್ನನ್ನು ಸೇರಿಕೊಳ್ಳುವಂತೆ ಕರೆದಿದ್ದಾರೆ. ಅಮ್ಮ ಬೇಡವೆನ್ನುತ್ತಾಳೆ, ಅಪ್ಪ ನಿನ್ನಿಷ್ಟವೆನ್ನುತ್ತಾರೆ. ನೀವು ಹಾಸ್ಟೆಲಿನಲ್ಲಿದ್ದು ಓದಿದವರು, ನೀವೇ ಹೇಳಿ" ಎಂದಳು. ಮೇಲುನೋಟಕ್ಕೆ ಸುಲಭವಾದ ಪ್ರಶ್ನೆ. ಆದರೆ ನನಗೆ ಮಾತು ಹೊರಡಲಿಲ್ಲ. ಎರಡು ದಿನಗಳ ಅವಕಾಶ ಕೇಳಿದೆ. ಆ ಎರಡು ದಿನಗಳಲ್ಲಿ ನಾನು ನೆನೆದುದನ್ನೂ ಕೊನೆಗೆ ಅವಳಿಗೆ ಹೇಳಿದುದನ್ನೂ ಓದುಗರ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ. ನಲವತ್ತು ವರ್ಷ ಯಾರಿಗೂ ಹೇಳದ ಸಂಗತಿ ಇದರಲ್ಲಿದೆ.

ಸೊರೊರಿಟಿ ಎಂಬ ಮಾತು ನಮ್ಮಲ್ಲಿ ಹಲವರಿಗೆ ಹೊಸದಿರಬಹುದು. ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಎಂದರೆ ಸಹೋದರಿ. ಕಾಲೇಜು ವಿದ್ಯಾರ್ಥಿನಿಯರು ಕಟ್ಟಿಕೊಳ್ಳುವ ಸೋದರೀ ಸಂಘಕ್ಕೆ ಅಲ್ಲಿ ಆ ಹೆಸರು. ಇದರ ಮೂಲರೂಪವು 1851ರಲ್ಲಿ ಜಾರ್ಜಿಯಾ ಪ್ರಾಂತದ ಮೇಕನ್ ನಗರದ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 'ಅಡೆಲ್ಫಿಯನ್ ಸೊಸೈಟಿ' ಎಂಬ ಹೆಸರಿನಲ್ಲಿ ಹುಟ್ಟಿತು. 1870ರಲ್ಲಿ ಇಂಡಿಯಾನಾದಲ್ಲಿ 'ಕಪ್ಪಾ ಆಲ್ಫಾ ಥೀಟಾ' ಸ್ಥಾಪನೆಯಾಯಿತು. ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೇ ಇದ್ದ ಕಾಲವದು. ಗಂಡುಮಕ್ಕಳ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದುದರಿಂದ ಅವರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದ ಕಪ್ಪು ಜನಾಂಗದ ವಿದ್ಯಾರ್ಥಿನಿಯರು 'ಆಲ್ಫಾ ಕಪ್ಪಾ ಆಲ್ಫಾ'ವನ್ನು ಆರಂಭಿಸಿದರು. 1998ರ ಒಂದೇ ವರ್ಷದಲ್ಲಿ ಹ್ಯೂಸ್ಟನ್, ಆಸ್ಟಿನ್, ನ್ಯೂಯಾರ್ಕ್ ನಗರಗಳಲ್ಲಿ ನಮ್ಮ ದೇಶದ ಕಡೆಯಿಂದ ಹೋದ ಕುಟುಂಬಗಳ ಹುಡುಗಿಯರು 'ಡೆಲ್ಟಾ ಫೈ ಒಮೆಗಾ', 'ಕಪ್ಪಾ ಫೈ ಗಾಮಾ', 'ಸಿಗ್ಮಾ ಸಿಗ್ಮಾ ರೋ' ಎಂಬ ಮೂರು ಸಂಘಗಳನ್ನು ಸ್ಥಾಪಿಸಿದರು. ಪರಸ್ಥಳದಲ್ಲಿ ಒಂಟಿಯಾದವರು ಒಬ್ಬರನ್ನೊಬ್ಬರು ಹುಡುಕಿಕೊಂಡುದೇ ಇವೆಲ್ಲದರ ಮೂಲ. ಅದರಲ್ಲಿ ದೋಷವೇನೂ ಇಲ್ಲ.

ಹೊಸಬಳಿಗೆ ಅಲ್ಲಿ ಒಬ್ಬ 'ಬಿಗ್ ಸಿಸ್ಟರ್', ಎಂದರೆ ಹಿರಿಯಕ್ಕ, ನಿಯೋಜಿತಳಾಗುತ್ತಾಳೆ. ಕೆಲವು ವಾರಗಳ ಪರಿಚಯದ ತರುವಾಯ ಪ್ರವೇಶ ವಿಧಿ ನಡೆಯುತ್ತದೆ. ವಿಧಿಯ ಮಾತುಗಳನ್ನು ಹೊರಗೆ ಹೇಳಬಾರದೆಂಬ ಕಟ್ಟಳೆಯೂ ಇರುತ್ತದೆ. ಈ ಗುಟ್ಟಿನ ಮರೆಯಲ್ಲಿ ಕೆಲವೆಡೆ 'ಹೇಜಿಂಗ್' ಎಂಬ ಕ್ರೌರ್ಯ ಬೆಳೆದಿದೆ. ನಾವು ರ‍್ಯಾಗಿಂಗ್ ಎನ್ನುವುದೂ ಅದನ್ನೇ. ತಂಗಿಯ ಮಗಳು ವಿವರಿಸುತ್ತಿದ್ದಂತೆ ನನಗೆ ಆ ದೇಶವು ದೂರದ್ದೆನಿಸಲಿಲ್ಲ. ಹಿರಿಯಕ್ಕ, ಗುಟ್ಟಿನ ಆಣೆ, ಮುಚ್ಚಿದ ಬಾಗಿಲು, ಇವೆಲ್ಲವನ್ನೂ ನಾನು ಬೆಂಗಳೂರಿನಲ್ಲಿಯೇ ಕಂಡಿದ್ದೆ.

ನಾನು ಅತ್ತಿಬೆಲೆಯಲ್ಲಿ ಬೆಳೆದವಳು. ಇಂದು ಅದು ಕಾರ್ಖಾನೆಗಳ ಊರು. ಆನೇಕಲ್ಲು ತಾಲ್ಲೂಕಿನ ಅಂಚಿನಲ್ಲಿ, ಹೊಸೂರು ಹೆದ್ದಾರಿಯಲ್ಲಿ, ನಮ್ಮ ರಾಜ್ಯ ಮುಗಿದು ತಮಿಳುನಾಡು ಆರಂಭವಾಗುವಲ್ಲಿ ಇದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮ್ಮ ತಂದೆಯವರು ತುಮಕೂರಿನ ಕಡೆಯಿಂದ ಬಂದು ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟಗಳಿದ್ದವು. ರೇಷ್ಮೆ ಹುಳು ಸಾಕುವವರು, ನೂಲು ಬಿಚ್ಚುವವರು, ನೇಯುವವರು ನಮ್ಮ ಅಂಗಡಿಯ ಗಿರಾಕಿಗಳು. ಗೂಡು ಮಾರಿ ಹಣ ಬಂದ ದಿನ ಅವರು ಲೆಕ್ಕ ಚುಕ್ತಾ ಮಾಡುತ್ತಿದ್ದರು. ನನ್ನ ಕಾಲೇಜಿನ ಶುಲ್ಕವನ್ನು ತಂದೆಯವರು ಕಟ್ಟಿದುದು ಆ ಹಣದಿಂದಲೇ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೆಗೆ ಮೇಲ್ಸೇತುವೆಯಾಯಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲೂ ಬಂದಿತು. ಅತ್ತಿಬೆಲೆಯ ಹುಡುಗಿಯೊಬ್ಬಳು ಈಗ ಮನೆಯಲ್ಲಿದ್ದುಕೊಂಡೇ ನಗರದಲ್ಲಿ ಓದಬಹುದು. 1984ರಲ್ಲಿ ನಾನು ಬಿ.ಎಸ್‌ಸಿ. ತರಗತಿಗೆ ಸೇರಿದಾಗ ಹಾಗಿರಲಿಲ್ಲ. ಕಲಾಸಿಪಾಳ್ಯದ ಬಸ್ಸಿಗಾಗಿ ಕಾಯುವುದರಲ್ಲಿಯೇ ಅರ್ಧ ದಿನ ಕಳೆಯುತ್ತಿತ್ತು. ಆದ್ದರಿಂದ ನನ್ನನ್ನು ಒಂದು ವಿದ್ಯಾರ್ಥಿನಿ ನಿಲಯಕ್ಕೆ ಸೇರಿಸಿದರು. ಅದರ ಹೆಸರನ್ನು ಬರೆಯುವುದು ಉಚಿತವಲ್ಲ, ದೋಷ ಕಟ್ಟಡದ್ದಲ್ಲ.

ಬಿಟ್ಟುಹೋಗುವಾಗ ತಾಯಿಯವರು ಕೇಳಿಕೊಂಡುದು ಒಂದೇ: ಸೂರ್ಯಾಸ್ತದ ಮುನ್ನ ಊಟ ಮಾಡು. ನಿಲಯದಲ್ಲಿ ಊಟದ ಗಂಟೆ ಬಾರಿಸುತ್ತಿದ್ದುದು ರಾತ್ರಿ ಎಂಟಕ್ಕೆ. ಮೊದಲ ವಾರ ಮಧ್ಯಾಹ್ನ ಎತ್ತಿಟ್ಟ ಅವಲಕ್ಕಿ, ಬಾಳೆಹಣ್ಣುಗಳಲ್ಲಿ ಸಂಜೆ ಕಳೆದೆ. ಕೊಠಡಿಯಲ್ಲಿ ಜೊತೆಗಿದ್ದವರು ನಕ್ಕರು. ಒಂದು ದಿನ ಮೇಲಿನ ಮಹಡಿಯ ಅಕ್ಕನೊಬ್ಬಳು, ಅಂತಿಮ ವರ್ಷದವಳು, ನನ್ನನ್ನು ಕರೆದು ವಿಚಾರಿಸಿದಳು. ಮರುದಿನವೇ ಅಡುಗೆಯವರೊಡನೆ ಮಾತನಾಡಿ, ಸಂಜೆ ಐದೂವರೆಗೆ ನನಗೆ ಬಿಸಿ ಅನ್ನ, ಈರುಳ್ಳಿಯಿಲ್ಲದ ಸಾರು ದೊರಕುವಂತೆ ಮಾಡಿದಳು. ಆ ದಿನ ನಾನು ಅಳುತ್ತ ಉಂಡೆ. ಆ ಅಕ್ಕನಿಗಾಗಿ ಏನನ್ನಾದರೂ ಮಾಡಲು ಅಂದಿನಿಂದ ಸಿದ್ಧಳಾಗಿದ್ದೆ.

ಮೇಲಿನ ಮಹಡಿಯಲ್ಲಿ ಹನ್ನೆರಡು ಮಂದಿಯ ಒಂದು ಬಳಗವಿದ್ದಿತು. ಅದಕ್ಕೆ ಹೆಸರಿರಲಿಲ್ಲ, 'ಮೇಲಿನವರು' ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹಳೆಯ ಪ್ರಶ್ನೆಪತ್ರಿಕೆಗಳು, ಟಿಪ್ಪಣಿ ಪುಸ್ತಕಗಳು, ಬಿಸಿನೀರಿನ ಸರದಿ, ಜ್ವರ ಬಂದರೆ ರಾತ್ರಿಯೆಲ್ಲ ಕುಳಿತು ನೋಡಿಕೊಳ್ಳುವ ಜನ, ಇವೆಲ್ಲ ಆ ಬಳಗದಲ್ಲಿದ್ದವು. ಸೇರುವವಳು ಒಂದು ರಾತ್ರಿ ಅವರ ಮುಂದೆ ನಿಲ್ಲಬೇಕು. ನಾನು ಲಂಗವನ್ನು ತಿರುವು ಮುರುವಾಗಿ ಉಟ್ಟು, ಹಾಡು ಹೇಳಿ, ನೆಲದ ಮೇಲೆ ಕುಪ್ಪಳಿಸಿದೆ. ಯಾರೋ ಒಬ್ಬರು ಆ ಹೊತ್ತಿನಲ್ಲಿ ತಿನ್ನಲೆಂದು ಬಿಸ್ಕತ್ತು ಚಾಚಿದಾಗ ಆ ಅಕ್ಕನೇ ತಡೆದು, "ಅವಳ ವ್ರತವನ್ನು ಮುಟ್ಟಬೇಡಿ" ಎಂದಳು. ಕೊನೆಯಲ್ಲಿ 'ಮೇಲಿನ ಮಾತು ಕೆಳಗಿಳಿಯದು' ಎಂದು ಆಣೆ ಮಾಡಿಸಿದರು. ನನಗೆ ಅವಮಾನವೆನಿಸಲಿಲ್ಲ, ಹನ್ನೆರಡು ಜನ ಅಕ್ಕಂದಿರು ದೊರೆತರೆಂದು ಸಂತೋಷವಾಯಿತು. ಈ ಸತ್ಯವನ್ನೂ ಹೇಳಲೇಬೇಕು. ಕೇಡು ಮೊದಲು ಬರುವುದು ಕೇಡಿನ ರೂಪದಲ್ಲಲ್ಲ. ನನ್ನ ವಿಷಯದಲ್ಲಿ ಅದು ಬಿಸಿ ಅನ್ನದ ರೂಪದಲ್ಲಿ ಬಂದಿತು.

ಮರುವರ್ಷ ನಮ್ಮ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಬಂದು ಸೇರಿದಳು. ಅವರ ಮನೆಯವರು ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ತಂದೆಯವರ ಅಂಗಡಿಗೆ ಅವಳ ತಾಯಿ ಬರುತ್ತಿದ್ದುದರಿಂದ ನನಗೆ ಪರಿಚಯವಿತ್ತು. ಶನಿವಾರ ಊರಿಗೆ ಹೋಗುವಾಗ ಒಂದೇ ಬಸ್ಸಿನಲ್ಲಿ ಕುಳಿತುಕೊಳ್ಳುತ್ತಿದ್ದೆವು. ಒಮ್ಮೆ ಅವಳು ತನ್ನ ಅಂಗೈಗಳನ್ನು ಮುಚ್ಚಿಕೊಂಡು, "ಅಕ್ಕಾ, ರಜೆಯಲ್ಲಿ ನಾನೂ ಬಿಚ್ಚಾಣಿಕೆಗೆ ಕುಳಿತುಕೊಳ್ಳುತ್ತೇನೆ. ಎಷ್ಟು ನಿಂಬೆಹಣ್ಣು ಹಚ್ಚಿ ತೊಳೆದರೂ ಆ ವಾಸನೆ ಹೋಗುವುದಿಲ್ಲ. ತರಗತಿಯಲ್ಲಿ ಯಾರಾದರೂ ಪಕ್ಕ ಕುಳಿತರೆ ಭಯವಾಗುತ್ತದೆ" ಎಂದಳು. ನನ್ನನ್ನು ಅವಳು ಅಕ್ಕ ಎಂದುದು ಯಾವ ಆಣೆಯಿಂದಲೂ ಅಲ್ಲ.

ನೂಲು ತೆಗೆಯುವ ವಿಧಾನವನ್ನು ಬಲ್ಲವರು ಬಲ್ಲರು. ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಆದುದರಿಂದ ಅದು ಒಳಗಿರುವಾಗಲೇ ಬಿಸಿಯಿಂದ ಕೊಂದು, ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆಯನ್ನು ಬಿಡಿಸುತ್ತಾರೆ. ಬಾಲ್ಯದಲ್ಲಿ ಒಮ್ಮೆ ಅದನ್ನು ಕಂಡು ನಾನು ಎರಡು ದಿನ ಊಟ ಬಿಟ್ಟಿದ್ದೆ. ರೇಷ್ಮೆ ಉಡುವುದಿಲ್ಲವೆಂದು ತಾಯಿಯವರ ಮುಂದೆ ಹೇಳಿದ್ದೆ. ಅವರ ಮದುವೆಯ ಪೀತಾಂಬರ ಪೆಟ್ಟಿಗೆಯಲ್ಲಿಯೇ ಇದ್ದಿತು. ನನ್ನ ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಯೇ ಮುಂದೆ ಮಾಡಿದ ಕೆಲಸವನ್ನು ಹೇಳುತ್ತೇನೆ.

ಒಂದು ರಾತ್ರಿ ಮೇಲಿನ ಮಹಡಿಯಲ್ಲಿ ನನ್ನ ವ್ರತದ ಮಾತು ಬಂದಿತು. ಎಲ್ಲರೂ ಮೆಚ್ಚುತ್ತಿದ್ದರು. ಆ ಮೆಚ್ಚುಗೆಯ ಬಿಸುಪಿನಲ್ಲಿ ನಾನು ರೇಷ್ಮೆಯ ವಿಚಾರವನ್ನು ತೆಗೆದು, "ನಮ್ಮ ಊರಿನ ಕಡೆಯಿಂದ ಬಂದಿದ್ದಾಳಲ್ಲ, ಅವರ ಮನೆಯಲ್ಲಿ ಸಾವಿರಾರು ಹುಳುಗಳನ್ನು ಬೇಯಿಸುತ್ತಾರೆ. ಅವಳ ಕೈಯಿಂದ ಆ ವಾಸನೆಯೇ ಹೋಗುವುದಿಲ್ಲವಂತೆ" ಎಂದೆ. ಬಸ್ಸಿನಲ್ಲಿ ನಂಬಿ ಹೇಳಿದ ಮಾತು ಹೀಗೆ ಮಹಡಿಯ ಮಾತಾಯಿತು. ಮರುದಿನದಿಂದ ಅವಳಿಗೆ 'ಹುಳು ಬೇಯಿಸುವವಳು' ಎಂಬ ಹೆಸರು ಬಿದ್ದಿತು. ಹೆಸರಿಟ್ಟವಳು ನಾನಲ್ಲ. ಆದರೆ ಅದಕ್ಕೆ ಬೇಕಾದುದನ್ನು ಕೊಟ್ಟವಳು ನಾನು.

ಅವಳ ಸರದಿ ಬಂದ ರಾತ್ರಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು. ಮೇಲ್ವಿಚಾರಕಿಯವರು ಬಂದರೆ ಎಚ್ಚರಿಸುವುದು ನನ್ನ ಕೆಲಸ. ಚಿಲಕದ ಮೇಲೆ ನನ್ನ ಕೈಯಿತ್ತು. ಅವಳ ಮುಂದೆ ಒಂದು ಬೋಗುಣಿಯಲ್ಲಿ ಬಿಸಿನೀರನ್ನಿಟ್ಟು, ಹತ್ತಿಯ ಉಂಡೆಗಳನ್ನು ಹಾಕಿ, 'ನೂಲು ತೆಗೆ' ಎಂದರು. ಅವಳು ಬೆರಳು ಅದ್ದಿ ತೆಗೆದಳು. ಒಬ್ಬೊಬ್ಬರೂ ಹತ್ತಿರ ಹೋಗಿ ಅವಳ ಕೈಯನ್ನು ಮೂಸಿ ಮೂಗು ಮುಚ್ಚಿಕೊಂಡರು. ನಗೆ ಏರಿತು. ಅವಳು ಅಳಲಿಲ್ಲ, ಯಾರನ್ನೂ ಬೇಡಿಕೊಳ್ಳಲಿಲ್ಲ. ತಲೆಯೆತ್ತಿ ನನ್ನೊಬ್ಬಳನ್ನೇ ನೋಡಿದಳು. ಆಗ ನಾನೂ ನಕ್ಕೆ.

ದೀಪಾವಳಿಗೆ ಊರಿಗೆ ಹೋದವಳು ಮರಳಿ ಬರಲಿಲ್ಲ. ಆರೋಗ್ಯ ಸರಿಯಿಲ್ಲವೆಂದು ಅವಳ ತಂದೆ ಬಂದು ಹಾಸಿಗೆ, ಟ್ರಂಕುಗಳನ್ನು ಒಯ್ದರು. ಹೊರಡುವಾಗ ಅವರು ನನಗೆ ಕೈಮುಗಿದು, "ನಿಮ್ಮಂಥವರು ಜೊತೆಗಿದ್ದರೂ ಅವಳಿಗೆ ಇಲ್ಲಿ ಒಗ್ಗಲಿಲ್ಲ ತಾಯಿ" ಎಂದರು. ನಾನು ಆಣೆಯನ್ನು ನೆನೆದು ಸುಮ್ಮನಿದ್ದೆ. ಅದನ್ನು ಆಗ ಸತ್ಯವ್ರತವೆಂದೇ ಭಾವಿಸಿದ್ದೆನೆಂದರೆ ಓದುಗರು ನಂಬಲಾರರು.

ಅವಳನ್ನು ಮತ್ತೆ ಕಂಡುದು 1991ರಲ್ಲಿ. ಮದುವೆಯಾಗಿ ತವರಿಗೆ ಬಂದಿದ್ದಾಗ, ಕ್ಷಮಾವಣಿಯ ಮರುದಿನ ಧೈರ್ಯ ಮಾಡಿ ಅವಳ ಹಳ್ಳಿಗೆ ಹೋದೆ. ಅವಳು ಅಂಗಳದಲ್ಲಿ ಗೂಡುಗಳನ್ನು ಆರಿಸುತ್ತಿದ್ದಳು. ಕುಳ್ಳಿರಿಸಿ ನೀರು ಕೊಟ್ಟಳು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಹೇಳಿದೆ: ಅವರು ಹಿರಿಯರು, ನಾನು ಚಿಕ್ಕವಳು, ನಾನು ಏನನ್ನೂ ಮಾಡಲಿಲ್ಲ, ಆದರೂ ಕ್ಷಮಿಸು. ಅವಳು ಕೆಲಸ ನಿಲ್ಲಿಸದೆ ಕೇಳಿದಳು. ಬಳಿಕ, "ಅಂದು ಬಾಗಿಲ ಬಳಿ ನಿಂತಿದ್ದವರು ನೀವೇ ಅಲ್ಲವೇ? ತೆಗೆಯಬಹುದಿತ್ತು" ಎಂದಳು. ಅಷ್ಟೇ. ಕ್ಷಮಿಸಿದೆನೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಕೇಳುವ ಅಧಿಕಾರ ನನಗಿತ್ತು. ಕೊಡಲೇಬೇಕೆಂಬ ಬಾಧ್ಯತೆ ಅವಳಿಗಿರಲಿಲ್ಲ.

'ನಾನು ಏನನ್ನೂ ಮಾಡಲಿಲ್ಲ' ಎಂಬ ಮಾತು ನಮ್ಮ ಮನೆಗಳಲ್ಲಿ ಬೆಳೆದವರ ಬಾಯಿಯಲ್ಲಿ ಬರಬಾರದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಲೆಕ್ಕವನ್ನು ಮಕ್ಕಳಾಗಿದ್ದಾಗಲೇ ನಾವು ಕಲಿತಿದ್ದೆವು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಸಂಖ್ಯೆಯನ್ನು ಹೇಳಿಕೊಡುತ್ತಿದ್ದರು. ಸ್ವತಃ ಮಾಡಿದುದು, ಮಾಡಿಸಿದುದು, ಮಾಡುವವರನ್ನು ಕಂಡು ಒಪ್ಪಿದುದು, ಮೂರೂ ಆಸ್ರವಕ್ಕೆ ಕಾರಣವೇ. ಆ ರಾತ್ರಿ ನನ್ನ ಕೈ ಯಾರನ್ನೂ ಮುಟ್ಟಲಿಲ್ಲ, ನಿಜ. ಆದರೆ ವಚನದಿಂದ ಸಾಮಗ್ರಿಯನ್ನು ಒದಗಿಸಿದ್ದೆ. ನಗೆಯಿಂದ ಅನುಮತಿ ಕೊಟ್ಟಿದ್ದೆ. ಚಿಲಕ ಹಿಡಿದು ಕಾಯದಿಂದಲೂ ಕಾವಲು ನಿಂತಿದ್ದೆ. ಕಷಾಯಗಳಲ್ಲಿ ಕ್ರೋಧವೊಂದು ಇರಲಿಲ್ಲ. ವ್ರತದ ಹೆಮ್ಮೆಯೆಂಬ ಮಾನವಿತ್ತು. ಬಳಗದಲ್ಲಿ ಉಳಿಯಬೇಕೆಂಬ ಲೋಭವಿತ್ತು. ಹುಳುವಿಗಾಗಿ ಊಟ ಬಿಟ್ಟವಳಿಗೆ ಪಕ್ಕದಲ್ಲಿ ಕುಳಿತ ಪಂಚೇಂದ್ರಿಯ ಜೀವದ ನೋವು ಕಾಣಲಿಲ್ಲ.

ಸಮಾಜವೂ ತಡವಾಗಿಯಾದರೂ ಇದೇ ಲೆಕ್ಕಕ್ಕೆ ಬಂದಿದೆ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧವೆಂದು ಹೇಳಿತು. ನೆರೆಯ ತಮಿಳುನಾಡಿನಲ್ಲಿ 1996ರ ನವೆಂಬರಿನಲ್ಲಿ ಚಿದಂಬರದ ಬಳಿಯ ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿ ಪೊನ್ ನಾವರಸು ಹಿರಿಯ ವಿದ್ಯಾರ್ಥಿಯ ಕೈಯಲ್ಲಿ ಹತನಾದ ಬಳಿಕ, 1997ರಲ್ಲಿ ಪ್ರತ್ಯೇಕ ಕಾನೂನೇ ಆಯಿತು. 2009ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮಗಳ ಮೇರೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಂದೆತಾಯಿಗಳೂ ಪ್ರಮಾಣಪತ್ರ ಸಲ್ಲಿಸಬೇಕು. ರ‍್ಯಾಗಿಂಗ್ ಮಾಡುವುದಿಲ್ಲವೆಂದಷ್ಟೇ ಅಲ್ಲ, ಅದಕ್ಕೆ ಕುಮ್ಮಕ್ಕು ಕೊಡುವುದಿಲ್ಲ, ಮಾಡಿಯೂ ಮಾಡದೆ ಬಿಟ್ಟೂ ಅದಕ್ಕೆ ಎಡೆಗೊಡುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಕೃತ, ಕಾರಿತ, ಅನುಮತಗಳೇ ಸರ್ಕಾರಿ ಕಾಗದದಲ್ಲಿ ಬಂದಂತಾಯಿತು. ದೂರು ಕೊಡಲು 1800-180-5522 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ನಮ್ಮ ಕಾಲದಲ್ಲಿ ಇದೊಂದೂ ಇರಲಿಲ್ಲ. ಆದರೆ ಬಾಗಿಲಿಗೆ ಚಿಲಕವಿತ್ತು, ಅದರ ಮೇಲೆ ನನ್ನ ಕೈಯಿತ್ತು. ಕಾನೂನು ಇರಲಿಲ್ಲವೆಂಬುದು ನನಗೆ ಸಮಾಧಾನವಾಗಲಾರದು.

ಎರಡು ದಿನಗಳ ಬಳಿಕ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದೆ. ಸೇರಬೇಡವೆನ್ನಲಿಲ್ಲ. ಒಂಟಿತನದಲ್ಲಿ ಅಕ್ಕತಂಗಿಯರನ್ನು ಬಯಸುವುದು ತಪ್ಪಲ್ಲ. ಪ್ರವೇಶಕ್ಕೊಂದು ವಿಧಿಯಿರುವುದೂ ತಪ್ಪಲ್ಲ. ಭಗವಾನ್ ಮಹಾವೀರರ ಸಂಘದಲ್ಲಿ ಆರ್ಯಿಕೆಯರ ಸಮೂಹಕ್ಕೆ ಚಂದನೆಯು ಗಣಿನಿಯಾಗಿದ್ದಳು. ಅಲ್ಲಿಯೂ ದೀಕ್ಷೆಯಿತ್ತು, ಕಠಿಣ ನಿಯಮಗಳಿದ್ದವು. ಆದರೆ ದೀಕ್ಷೆ ಇಂದಿಗೂ ಚತುರ್ವಿಧ ಸಂಘದ ಎದುರಿನಲ್ಲಿ, ತಂದೆತಾಯಿಗಳ ಸಮ್ಮತಿಯಿಂದ, ಹಗಲು ಬೆಳಕಿನಲ್ಲಿ ನಡೆಯುತ್ತದೆ. ಕಷ್ಟವನ್ನು ಅವಳು ತಾನಾಗಿ ವಹಿಸಿಕೊಳ್ಳುತ್ತಾಳೆಯೇ ಹೊರತು ನೋಡುವವರ ನಗೆಗಾಗಿ ಅಲ್ಲ. ಆದುದರಿಂದ ಎರಡು ಪ್ರಶ್ನೆ ಕೇಳೆಂದೆ. ಅಲ್ಲಿ ನಡೆಯುವುದರಲ್ಲಿ ನಿನ್ನ ತಾಯಿಗೆ ಹೇಳಲಾಗದುದು ಏನಾದರೂ ಇದೆಯೇ? ಹೊಸಬಳೊಬ್ಬಳು ಬೇಡವೆಂದರೆ ಅವಳ ಪರವಾಗಿ ಮಾತನಾಡಿದವಳನ್ನು ಅವರು ಉಳಿಸಿಕೊಳ್ಳುವರೇ?

ಅವಳು ಕೇಳಿದಳಂತೆ. ವಿಧಿಯ ಮಾತುಗಳು ಮಾತ್ರ ತಮ್ಮವು, ಉಳಿದುದನ್ನು ಯಾರಿಗಾದರೂ ಹೇಳಬಹುದು ಎಂದು ಅವರು ಉತ್ತರವಿತ್ತರು. ಅವಳು ಸೇರಿದಳು. ಅದೇ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ವಿದ್ಯಾಲಯಗಳ ಹೇಜಿಂಗ್ ತಡೆಗಾಗಿ ರಾಷ್ಟ್ರಮಟ್ಟದ ಕಾನೂನೊಂದು ಬಂದಿತು. ಇಂತಹ ಘಟನೆಗಳನ್ನು ವಿದ್ಯಾಲಯಗಳು ಬಹಿರಂಗಪಡಿಸಬೇಕೆಂಬುದು ಅದರ ಒಂದು ಅಂಶ. ಮರುವರ್ಷ ಅವಳೇ ಒಬ್ಬ ಹೊಸ ಹುಡುಗಿಗೆ ಹಿರಿಯಕ್ಕಳಾದಳು. "ಯಾರೂ ಕೆಟ್ಟವರಲ್ಲ ದೊಡ್ಡಮ್ಮ. ಆದರೆ ಎಲ್ಲರೂ ನಗುವಾಗ ನಗದೇ ಇರುವುದು ಕಷ್ಟ" ಎಂದಳು. ಹದಿನೆಂಟು ವರ್ಷದ ನನಗೆ ಅಷ್ಟೂ ತಿಳಿದಿರಲಿಲ್ಲ.

ಕೊನೆಯದಾಗಿ, ವಿದ್ಯಾರ್ಥಿನಿ ನಿಲಯಗಳನ್ನು ನಡೆಸುತ್ತಿರುವ ನಮ್ಮ ಟ್ರಸ್ಟುಗಳ ಹಿರಿಯರಲ್ಲಿ ಎರಡು ಅರಿಕೆಗಳು. ಹೊಸ ಮಕ್ಕಳ ಸ್ವಾಗತವನ್ನು ಹಗಲಿನಲ್ಲಿ, ಸಭಾಂಗಣದಲ್ಲಿ, ಪೋಷಕರ ಎದುರಿನಲ್ಲಿ ನೀವೇ ಮಾಡಿ. ನೀವು ಮಾಡದಿದ್ದರೆ ಮೇಲಿನ ಮಹಡಿಯವರು ರಾತ್ರಿ ಮಾಡುತ್ತಾರೆ. ಎರಡನೆಯದು ಸಣ್ಣದೆಂದು ತೋರಬಹುದು. ಸೂರ್ಯಾಸ್ತದ ಮುನ್ನಿನ ಊಟವಾಗಲಿ, ಬಿಸಿನೀರಾಗಲಿ, ಹಳೆಯ ಪುಸ್ತಕವಾಗಲಿ, ಮಗುವಿಗೆ ನಿಯಮದಿಂದಲೇ ದೊರಕುವಂತಿರಲಿ. ಅದನ್ನು ಯಾವ ಅಕ್ಕನ ಕೃಪೆಯಿಂದಲೂ ಪಡೆಯಬೇಕಾಗದಿರಲಿ. ಒಂದು ತಟ್ಟೆ ಅನ್ನದ ಋಣದಲ್ಲಿದ್ದವಳಿಗೆ ಚಿಲಕ ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ತಂದೆತಾಯಿಗಳಲ್ಲಿಯೂ ಒಂದು ಮಾತು. ಮಗಳು ಹಾಸ್ಟೆಲಿನಿಂದ ಬಂದಾಗ 'ನಿನಗೆ ಯಾರಾದರೂ ತೊಂದರೆ ಕೊಟ್ಟರೇ' ಎಂದು ಎಲ್ಲರೂ ಕೇಳುತ್ತೇವೆ. ಅದರೊಡನೆ, 'ಯಾರಿಗಾದರೂ ತೊಂದರೆಯಾಗುವಾಗ ನೀನು ಎಲ್ಲಿ ನಿಂತಿದ್ದೆ' ಎಂದೂ ಕೇಳಿ. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಿದ್ದರೆ, ಆ ಹುಡುಗಿಯ ತಂದೆ ಟ್ರಂಕು ಹೊತ್ತು ಬಸ್ಸು ಹತ್ತುವ ಮೊದಲೇ ನಾನು ಸತ್ಯವನ್ನು ಹೇಳುತ್ತಿದ್ದೆನೋ ಏನೋ.